ಬಾಲದ ಅಂಕಿ

ಮೀನು ನನ್ನ ಕೈಗೆ ಸುಳ್ಳು ಹೇಳುವುದಿಲ್ಲ.
ಹತ್ತೊಂಬತ್ತು ವರ್ಷ ಆರ್‌ಬ್ರೋತ್‌ನ ಹೊಗೆಮನೆಯಲ್ಲಿ
ಹ್ಯಾಡಕ್ ಮೀನುಗಳ ಬಾಲಕ್ಕೆ ಬಾಲ ಸೇರಿಸಿ
ಸೆಣಬಿನ ದಾರ ಬಿಗಿದವಳು.
ಕೋಲಿನ ಆಚೆ ಒಂದು, ಈಚೆ ಒಂದು,
ಜೋಡಿ ಸಮತೂಕ ಇರಬೇಕು, ಇಲ್ಲದಿದ್ದರೆ
ಒಂದು ಕೆಂಡಕ್ಕೆ, ಇನ್ನೊಂದು ಅದರ ಹಿಂದೆ.
ತಕ್ಕಡಿ ಮುಟ್ಟುವುದಿಲ್ಲ ನಾನು.

ಆದರೆ ಎತ್ತಿ ನೋಡಲಾಗದ್ದಕ್ಕೆ
ತೂಕ ಹೇಳು ಎಂದರೆ?

ಬಂದರಿನ ಹಿಂದಿನ ಓಣಿ, ಕೆಂಪು ಮರಳುಗಲ್ಲಿನ ಮನೆ.
ಮಹಡಿಯ ಮಾಡು ಎಷ್ಟು ತಗ್ಗೆಂದರೆ
ಯೂಅನ್ ಮೊದಲ ಸಲ ಹಣೆ ಹೊಡೆಸಿಕೊಂಡ,
ಎರಡನೆಯ ಸಲ ನೋಡಲು ಹೋದಾಗ ತಾನಾಗಿ ಬಾಗಿದ.
ಅವನು ಬಾಗಿದ ಕ್ಷಣವೇ ನನಗೆ ಗೊತ್ತಾಯಿತು,
ಇದು ನಮಗೆ ದುಬಾರಿಯಾಗಲಿದೆ.

ಸರ್ವೇಯರ್ ಕಟ್ಟಿದ ಬೆಲೆ ಒಂದು ಲಕ್ಷ ನಲವತ್ತೆರಡು ಸಾವಿರ ಪೌಂಡು.
ಬ್ಯಾಂಕು ಲೆಕ್ಕಕ್ಕೆ ಹಿಡಿಯುವುದು ಅಷ್ಟನ್ನೇ.
ಅದರಾಚೆಗಿನ ಒಂದೊಂದು ಪೌಂಡೂ ನಮ್ಮ ಡಬ್ಬಿಯದು:
ಯೂಅನ್‌ನ ರಾತ್ರಿಪಾಳಿ, ಮಾರಿದ ಹಳೆಯ ವ್ಯಾನು,
ಮುಂದೂಡುತ್ತಲೇ ಬಂದ ನನ್ನ ಎರಡು ಹಲ್ಲು.
ಮುಂಗಡ ತೆಗೆದಿಟ್ಟು ಉಳಿದದ್ದು ಹನ್ನೊಂದು ಸಾವಿರದ ನಾನೂರು.

ಈಗಲೇ ಕೇಳಿಬಿಡೋಣ, ಎಂದೆ ಸೋಮವಾರ,
ಬೇರೆಯವರು ಆ ಮೆಟ್ಟಿಲು ಹತ್ತುವ ಮೊದಲು.
ಅವಸರ ಕಂಡರೆ ಬೆಲೆ ಏರುತ್ತೆ, ಎಂದ.
ಮಂಗಳವಾರ ಅವನು ಈಗಲೇ ಎಂದ, ನಾನು ತಾಳು ಎಂದೆ.
ಬುಧವಾರ ವಕೀಲೆ ಪೀಟ್ರಿಯ ಫೋನು:
ಇನ್ನೂ ನಾಲ್ವರು ಕಣ್ಣಿಟ್ಟಿದ್ದಾರೆ,
ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಗಡುವು,
ಮುಚ್ಚಿದ ಲಕೋಟೆ, ಒಬ್ಬರಿಗೆ ಒಂದೇ ಮಾತು.

ಹರಾಜಾಗಿದ್ದರೆ ಎದುರಾಳಿಗೊಂದು ಮುಖವಾದರೂ ಇರುತ್ತಿತ್ತು.
ಇದು ಕತ್ತಲಲ್ಲಿ ಕೂಗುವುದು,
ಅದೂ ಒಂದೇ ಸಲ.

ಎಷ್ಟು ಬರೆಯಲಿ?
ಪೀಟ್ರಿ ಕನ್ನಡಕ ಒರೆಸಿಕೊಂಡಳು.
'ಅಂಕಿ ನಾನು ಹೇಳಲಾರೆ.
ಒಂದು ಪೌಂಡಿನಿಂದ ಸೋತರೂ ಅಳಬಾರದು,
ಎಲ್ಲರಿಗಿಂತ ಸಾವಿರಗಟ್ಟಲೆ ಹೆಚ್ಚು ಬರೆದು ಗೆದ್ದರೂ ಅಳಬಾರದು.
ಅಂಥದ್ದೊಂದು ಹುಡುಕಿ.'

ಗುರುವಾರ ರಾತ್ರಿ, ಕರೆಂಟ್ ಬಿಲ್ಲಿನ ಹಿಂಬದಿ.
ಐದು ಸಾವಿರ ಬರೆದು ಹೊಡೆದುಹಾಕಿ ಏಳು,
ಏಳರ ಹೊಟ್ಟೆಗೊಂದು ಗೀಟು ಎಳೆದು ಹತ್ತು.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಒಪ್ಪಿದೆ,
ಹಾಸಿಗೆ ಹಾಸಲು ಮೊದಲು ನೆಲ ಬೇಡವೇ?
ದುಂಡು ಅಂಕಿ ಎಲ್ಲರೂ ಬರೀತಾರೆ, ಎಂದ ಯೂಅನ್,
ಕೊನೆಗೊಂದು ಬಾಲ ಸೇರಿಸು.

ಬಾಲದ ಕೆಲಸ ನನ್ನದೇ ತಾನೆ.
ಕಣ್ಣು ಮುಚ್ಚಿದೆ. ಎಡಗೈಯಲ್ಲಿ ಕೈತಪ್ಪಿದ ಮನೆ,
ಬಲಗೈಯಲ್ಲಿ ಬರಿದಾದ ಡಬ್ಬಿ.
ಎಂಟು ಸಾವಿರಕ್ಕೆ ಎಡ ಜಗ್ಗಿತು.
ಹತ್ತಕ್ಕೆ ಬಲ.
ಒಂಬತ್ತು ಸಾವಿರದ ಇನ್ನೂರ ಹದಿನೇಳಕ್ಕೆ
ಎರಡೂ ಅಲುಗದೆ ನಿಂತವು.
ಹದಿನೇಳು ಯಾಕೆ ಎಂದು ಅವನು ಕೇಳಲಿಲ್ಲ,
ಕೇಳಿದ್ದರೆ ನನ್ನಲ್ಲೂ ಉತ್ತರವಿರಲಿಲ್ಲ.

ಶುಕ್ರವಾರ ಹನ್ನೆರಡೂವರೆ. ಕೈತುಂಬ ಉಪ್ಪು,
ಫೋನನ್ನು ಕಿವಿಗೆ ಹಿಡಿದವಳು ಪಕ್ಕದ ಮೇಜಿನ ಐಲಿ.
ಮನೆ ನಿಮ್ಮದು, ಎಂದಳು ಪೀಟ್ರಿ.
ಎರಡನೆಯವರು ಎಷ್ಟು ಬರೆದಿದ್ದರು?
ಅದನ್ನು ಹೇಳುವ ರೂಢಿಯಿಲ್ಲವಂತೆ.

ಈಗ ಮಹಡಿಯಲ್ಲಿ ಇಬ್ಬರೂ ಬಾಗಿಯೇ ನಡೆಯುತ್ತೇವೆ.
ಕೆಲವು ರಾತ್ರಿ ಯೂಅನ್ ಕತ್ತಲಿಗೆ ಕೇಳುತ್ತಾನೆ,
ನಲವತ್ತು ಪೌಂಡಿನಿಂದ ಗೆದ್ದೆವೋ
ನಾಲ್ಕು ಸಾವಿರದಿಂದಲೋ?
ಆ ಅಂತರ ನಮ್ಮಿಬ್ಬರ ನಡುವೆ ಮಲಗಿರುತ್ತದೆ,
ಬಾಡಿಗೆ ಕೊಡದ ಬಾಡಿಗೆಯವನ ಹಾಗೆ,
ಒಮ್ಮೆ ತೆಳ್ಳಗೆ, ಒಮ್ಮೆ ಹಾಸಿಗೆ ತುಂಬ.

ನಾನು ಗೋಡೆಗೆ ಸರಿಯುತ್ತೇನೆ.
ಬೆಳಗ್ಗೆ ಐದಕ್ಕೆ ಮೀನು ಬರುತ್ತದೆ, ಮಲಗು.